ಹಸಿ ಸುಣ್ಣದ ಮೇಲೊಂದು ಹೂವು

ಹಸಿ ಸುಣ್ಣದ ಮೇಲೆ ಚಿತ್ತಾರ ಕೆರೆಯುತ್ತಿದ್ದ ಕಲ್ಲಿರೋಯಿಯ ಕೈ ಮತ್ತೆ ನಡುಗಿ, ತ್ರಿಕೋನ ಸೊಟ್ಟಗಾಯಿತು. ಬಿಸಿಲೇರುತ್ತಿತ್ತು. ಸುಣ್ಣ ಒಣಗಿಬಿಟ್ಟರೆ ಅಡಿಯ ಕಪ್ಪು ಗಾರೆ ಕಾಣುವಂತೆ ಕೆರೆಯಲಾಗದು. ಮನೆಮನೆಯ ಗೋಡೆಗೂ ಚಿತ್ತಾರವಿರುವ ಗ್ರೀಸಿನ ಖಿಯೋಸ್ ದ್ವೀಪದ ಪಿರ್ಗಿ ಊರಲ್ಲಿ ಅರ್ಧ ಬೋಳು ಗೋಡೆ ಅವರ ಮನೆಯದೊಂದೇ ಆಗುತ್ತದೆ. ಮೂರು ವರ್ಷದಿಂದ ಹೊರಗಿನವಳೆಂದು ಗೋಡೆ ಮುಟ್ಟಗೊಡದಿದ್ದ ಸೊಸೆ ಸ್ಮಾರೋಳ ಕೈಗೆ ಆಕೆ ಕೊನೆಗೂ ಚಿತ್ತಾರ ಕೆರೆಯುವ ಮುಳ್ಳುಚಮಚ ಕೊಟ್ಟಳು. "ತ್ರಿಕೋನ ಅಷ್ಟೇ. ನಿನ್ನ ಬುದ್ಧಿ ಖರ್ಚು ಮಾಡ್ಬೇಡ."

ಸ್ಮಾರೋ ಸಾಲು ಮುಗಿಸಿದಳು. ಅತ್ತೆಯ ಸೊಟ್ಟ ತ್ರಿಕೋನದ ಮೇಲೆ ಅಂಗೈಯಗಲ ಜಾಗ ಉಳಿದಿತ್ತು. ಅಲ್ಲಿ ಅವಳ ಕೈ ತಾನಾಗಿಯೇ ಒಂದು ಕಾರ್ನೇಷನ್ ಹೂ ಕೆರೆಯಿತು. ಸಮುದ್ರದಾಚೆ ತುರ್ಕಿ ದಡದ ಸ್ಮಿರ್ನಾ ಪಟ್ಟಣ ಹೊತ್ತಿ ಉರಿದಾಗ ಅವಳಜ್ಜಿ ದೋಣಿಯಲ್ಲಿ ಎದೆಗವಚಿ ತಂದ ದಿಂಬಿನ ಕಸೂತಿಯ ಹೂ ಅದು.

"ಅಯ್ಯೋ, ಇದೇನೇ? ಆಚೆ ದಡದ ಹೂವು ನಮ್ಮ ಗೋಡೆ ಮೇಲೆ!" ಕಲ್ಲಿರೋಯಿ ಸುಣ್ಣದ ಕುಂಚ ಎತ್ತಿಕೊಂಡಳು.

ಎದುರು ಬಾಲ್ಕನಿಯಲ್ಲಿ ಒಣಗಿಸಲು ಟೊಮೆಟೊ ದಾರಕ್ಕೆ ಪೋಣಿಸುತ್ತಿದ್ದ ಮುದುಕಿ ಮಾರ್ಕೆಲ್ಲಾ ನಕ್ಕಳು. "ಆ ತ್ರಿಕೋನ ಏನು ನಿಮ್ಮಪ್ಪ ಹೆತ್ತಿದ್ದಾ? ಇಟಲಿಯ ಜೆನೋವಾದವರು ಹಡಗಲ್ಲಿ ತಂದಿದ್ದು ಅಂತ ನಿನ್ನ ಗಂಡಾನೇ ಹೇಳ್ತಿದ್ದ!"

"ನೀನು ಟೊಮೆಟೊ ನೋಡ್ಕೊಳೇ."

ಸ್ಮಾರೋ ಗೋಡೆಯಿಂದ ಸರಿದು ನಿಂತಳು. "ಅಳಿಸಿ ಅತ್ತೆ. ಆ ದಿಂಬೂ ಈಗಿಲ್ಲ. ಕೈಗೆ ನೆನಪಿದೆ, ಅಷ್ಟೇ."

ಕಲ್ಲಿರೋಯಿಯ ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಅವಳು ಹೂವಿನತ್ತ ಬಾಗಿ ನೋಡಿ ಕುಂಚವನ್ನು ಬಕೆಟ್ಟಿಗೆ ಹಾಕಿ, ಮುಳ್ಳುಚಮಚಕ್ಕೆ ಕೈ ಚಾಚಿದಳು.

"ಕಾಂಡ ಎಲ್ಲೇ? ಕಾಂಡ ಇಲ್ದೆ ಹೂವು ನಿಲ್ಲುತ್ತಾ?" ಎಂದು ಗದರಿ, ನಡುಗುವ ಕೈಯಿಂದಲೇ ಆ ಹೂವಿನಿಂದ ತನ್ನ ಸೊಟ್ಟ ತ್ರಿಕೋನದವರೆಗೆ ಒಂದು ಗೆರೆ ಎಳೆದಳು.