ಸ್ಲೇಟು ಹಿಡಿದ ಕೈ

"ಇಷ್ಟೊಂದು ಚಿತ್ರಗಳಲ್ಲಿ ಇವರದೊಂದೂ ಇಲ್ವೇನಮ್ಮಾ?" ಎಂದು ಅಜ್ಜಿ ನೌಕಾಪಡೆಯ ಚಿತ್ರಸಂಗ್ರಹಾಲಯದ ಮೇಜಿಗೆ ಕೈಯೂರಿ ಕೇಳಿದಳು. ಯುದ್ಧನೌಕೆಗಳ ಛಾಯಾಗ್ರಾಹಕರಿಗೆಂದು ಅಲ್ಲೊಂದು ಗೋಡೆ ಸಿದ್ಧವಾಗಿತ್ತು, ನಾಳೆ ಉದ್ಘಾಟನೆ. ಹನ್ನೊಂದು ಮುಖಗಳ ನಡುವೆ ಆಕೆಯ ಗಂಡನ ಚೌಕಟ್ಟು ಮಾತ್ರ ಖಾಲಿ. ಕಡಲಿನ ಮೇಲೆ ತೆಗೆದ ಚಿತ್ರವೇ ಬೇಕೆಂಬುದು ನಿಯಮ.

"ಕ್ಯಾಮೆರಾ ಹಿಡಿದವನ ಫೋಟೋ ಯಾರು ತೆಗೀತಾರೆ? ಬಿಡೇ," ಎಂದ ಅಜ್ಜ.

"ನೀವು ಸುಮ್ನಿರಿ. ಮೊಮ್ಮಕ್ಕಳಿಗೆ ಖಾಲಿ ಚೌಕಟ್ಟು ತೋರಿಸ್ಲಾ? ಇಪ್ಪತ್ತೆಂಟು ವರ್ಷ ಒಂದೊಂದು ಅಲೆದೂ ಫೋಟೋ ತೆಗೆದ್ರಿ. ಕಡಲಿಗೆ ಇಳಿದ್ರೆ ಮುಗೀತು, ಮನೆ ಅನ್ನೋದೊಂದಿದೆ ಅಂತ ನೆನಪೇ ಇರ್ತಿರಲಿಲ್ಲ ನಿಮಗೆ."

ಅದು ಆಕೆಯ ಹಳೆಯ ದೂರು. ಕನ್ನಡಕ ಒರೆಸುತ್ತಾ ಅದನ್ನು ಕೇಳಿಸಿಕೊಳ್ಳುವುದು ಆತನ ಅಷ್ಟೇ ಹಳೆಯ ಅಭ್ಯಾಸ.

ಸಂಗ್ರಹದ ಅಧಿಕಾರಿಣಿ ನಗು ತಡೆದುಕೊಂಡು, ದೀಪ ಹುದುಗಿದ ಗಾಜಿನ ಮೇಜಿನ ಮೇಲೆ ನೆಗೆಟಿವ್‌ಗಳನ್ನು ಹರಡಿದಳು. ಪ್ರತಿ ರೀಲಿನ ಮೊದಲ ಚಿತ್ರ, ಹಡಗಿನ ಸಂಖ್ಯೆಯನ್ನೂ ತಾರೀಖನ್ನೂ ಬರೆದ ಸಣ್ಣ ಸ್ಲೇಟಿನದು. ಗುರುತಿಗೆಂದು ತೆಗೆದದ್ದು, ಯಾರೂ ಮುದ್ರಿಸದೆ ಬಿಟ್ಟದ್ದು. ತೂಗಾಡುವ ಡೆಕ್ಕಿನ ಮೇಲೆ ಅದನ್ನು ಹಿಡಿದು ನಿಲ್ಲಲು ಪುರುಸೊತ್ತಾದರೂ ಬೇರೆ ಯಾರಿಗಿತ್ತು? ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಸ್ಲೇಟು, ಎರಡನ್ನೂ ಆತನೇ ಹಿಡಿಯುತ್ತಿದ್ದ.

ಅಜ್ಜಿ ಭೂತಗನ್ನಡಿಯ ಮೇಲೆ ಬಾಗಿದಳು. "ಅಯ್ಯೋ, ಇವರದೇ ಸೊಟ್ಟ ಕಿರುಬೆರಳು! ಮದುವೆಯಾದ ಹೊಸದರಲ್ಲಿ ನಾನೇ ಕಣಮ್ಮಾ ಬಾಗಿಲಿಗೆ ಸಿಕ್ಕಿಸಿದ್ದು. ಅಲ್ರೀ, ತಾರೀಖಿನ ಕೆಳಗೆ ಏನಿದು, ನಲವತ್ತೊಂದು?"

"ರೀಲಿನ ನಂಬರು," ಎಂದು ಅಜ್ಜ ಕಿಟಕಿಯ ಕಡೆ ತಿರುಗಿದ.

"ಅಲ್ಲ ಸರ್, ಮಾರನೇ ದಿನದ ರೀಲಲ್ಲಿ ನಲವತ್ತು. ಅದರಾಚೆ ದಿನ ಮೂವತ್ತೊಂಬತ್ತು. ಹೀಗೇ ಇಳೀತಾ ಹೋಗಿದೆ."

ಆ ಯಾನದ ಕೊನೆಯ ಸ್ಲೇಟಿನಲ್ಲಿ ಒಂದು ಎಂದಿತ್ತು. ಅಜ್ಜಿ ಅದರ ತಾರೀಖನ್ನು ಎರಡು ಸಲ ಓದಿದಳು. ಅದರ ಮರುದಿನವೇ ಅಲ್ಲವೇ, ತಂದೆ ಇನ್ನೂ ಮುಖ ನೋಡದಿದ್ದ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ತಾನು ಬಂದರಿನಲ್ಲಿ ಕಾದು ನಿಂತದ್ದು!

ಕಿಟಕಿಯ ಬಳಿ ಅಜ್ಜನ ಕಿವಿ ಕೆಂಪಗಾಗಿತ್ತು. ಅಜ್ಜಿ ಸೆರಗಿನಿಂದ ಭೂತಗನ್ನಡಿಯನ್ನು ಒರೆಸಿ, ಹುಷಾರಾಗಿ ಮೇಜಿನ ಮೇಲಿಟ್ಟಳು.

"ಚೌಕಟ್ಟಿಗೆ ಈ ಕೈಯನ್ನೇ ಹಾಕಿಬಿಡಮ್ಮಾ."

"ಅಮ್ಮಾ, ಉಳಿದವರದ್ದೆಲ್ಲ ಮುಖ ಇದೆ..."

"ಮುಖ ನನ್ನ ಹತ್ರ ಇರ್ಲಿ ಬಿಡು."