ಪಕ್ಕೆರಾಯ

“ಕಪ್ಪೆ,” ಎಂದಳು ತಂಗಿ, ಸ್ಪಷ್ಟವಾಗಿ, ಅಚ್ಚುಕಟ್ಟಾಗಿ. ಪಕ್ಕದಲ್ಲಿ ಕೂತಿದ್ದ ಅಕ್ಕ ಅವಳತ್ತ ತಿರುಗಿ ದುರುಗುಟ್ಟಿದಳು. ಇಪ್ಪತ್ತು ವರ್ಷ ತಿದ್ದಿ ತಿದ್ದಿ ತಾನೇ ಸುಸ್ತಾಗಿದ್ದ ಆ ನಾಲಿಗೆ ಇವತ್ತೇ ನೆಟ್ಟಗಾಗಬೇಕಿತ್ತೇ!

ಇಬ್ಬರೇ ಸೇರಿ ಮಾಡಿದ ಮೊಬೈಲ್ ಆಟಕ್ಕೆ ಅವರಿಟ್ಟ ಹೆಸರು ‘ಪಕ್ಕೆರಾಯ’. ಅದರ ನಾಯಕ ಕಿರೀಟ ತೊಟ್ಟ ಕಪ್ಪೆ. ಆ ಹೆಸರು ತನ್ನದೆಂದು ದೊಡ್ಡ ಕಂಪನಿಯೊಂದು ತಕರಾರು ತೆಗೆದಿತ್ತು. ಅದರ ಆಟದಲ್ಲೂ ಕಪ್ಪೆಯೇ. ಇವತ್ತಿನ ವಿಚಾರಣೆಯಲ್ಲಿ, ಕಪ್ಪೆಗೆ ಪಕ್ಕೆ ಅಂತ ಯಾಕೆ ಹೆಸರು ಎಂದು ಟ್ರೇಡ್‌ಮಾರ್ಕ್ ಅಧಿಕಾರಿ ಎರಡೂ ಕಡೆಯವರನ್ನು ಕೇಳಿದ್ದರು. “ನಮ್ಮ ನಲವತ್ತು ಜನ ಆರು ತಿಂಗಳು ತಲೆ ಕೆಡಿಸ್ಕೊಂಡು ಹುಡುಕಿದ್ದು ಮೇಡಂ. ಕೇಳೋಕೆ ಚೆನ್ನಾಗಿದೆ ಅಂತ, ಅಷ್ಟೇ,” ಎಂದಿದ್ದರು ಕಂಪನಿಯ ವಕೀಲರು. “ಗಾಬರಿಯಾದ್ರೆ ಇವಳ ಬಾಯಲ್ಲಿ ಕಪ್ಪೆ ಪಕ್ಕೆ ಆಗುತ್ತೆ ಮೇಡಂ, ಚಿಕ್ಕೋಳಿದ್ದಾಗಿಂದ್ಲೂ,” ಎಂದಿದ್ದಳು ಅಕ್ಕ. “ಎಲ್ಲಿ, ಹೇಳಿ ನೋಡೋಣ,” ಎಂದು ಅಧಿಕಾರಿ ತಂಗಿಯತ್ತ ತಿರುಗಿದ್ದರು.

“ಸರಿಯಾಗೇ ಹೇಳಿದ್ರಲ್ಲ!” ವಕೀಲರು ಕಿಸಕ್ಕನೆ ನಕ್ಕರು. ಅಧಿಕಾರಿ ಬರೆಯಲು ಪೆನ್ನು ಎತ್ತಿಕೊಂಡರು. ಅಕ್ಕ ಹಿಂದೆಮುಂದೆ ನೋಡಲಿಲ್ಲ. ಮೇಜಿನ ಮೇಲಿದ್ದ ತಣ್ಣನೆಯ ನೀರಿನ ಬಾಟಲಿಯನ್ನು ತಂಗಿಯ ಕುತ್ತಿಗೆಗೆ ತಾಗಿಸಿ ಕಿರುಚಿದಳು: “ಏಯ್, ಬೆನ್ನ ಮೇಲೆ ಹಸಿರಾಗಿರೋದೇನೋ ಕೂತಿದೆ ಕಣೇ!”

ತಂಗಿ ಕುರ್ಚಿ ಬೀಳಿಸಿ ಮಾರುದ್ದ ಎಗರಿದಳು. “ಅಯ್ಯಯ್ಯೋ ಪಕ್ಕೆ! ಅಕ್ಕಾ, ಪಕ್ಕೆ! ತೆಗಿಯೇ!”

ಅಧಿಕಾರಿ ಕನ್ನಡಕ ತೆಗೆದು, ನಕ್ಕು ನೀರಾದ ಕಣ್ಣು ಒರೆಸಿಕೊಂಡು, ವಕೀಲರ ಕಡೆ ನೋಡಿದರು. “ನಿಮ್ಮ ನಲವತ್ತು ಜನರಲ್ಲಿ ಹೀಗೆ ಎಗರೋರು ಯಾರು? ಕರೀರಿ ಅವರನ್ನ.”