ಸದ್ದು ಮಾರಿದವಳು

ಬಾಗಿಲು ತೆರೆದ ಹೆಂಗಸಿನ ತುಟಿ ಅಲ್ಲಾಡಿತೇ ಹೊರತು ಮಾತು ಕೇಳಿಸಲಿಲ್ಲ. ಒಳಗಿಂದ ಫ್ಯಾನುಗಳ ಭೋರ್ಗರೆತ ಒಣಗಾಳಿಯ ಜೊತೆ ಬಂದು ಮುಖಕ್ಕೆ ರಾಚಿತು. ಹೊಸ್ತಿಲಲ್ಲಿ ನಿಂತ ಅಕ್ಕತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಂತೂ ಈ ಸಲ ಬರಿಗೈಯಲ್ಲಿ ಮರಳಬೇಕಾಗಿಲ್ಲ.

ಇಬ್ಬರೂ ಸೇರಿ ನಡೆಸುತ್ತಿದ್ದ ಬಿಟ್‌ಕಾಯಿನ್ ಮೈನಿಂಗ್ ಶೆಡ್ಡಿನಲ್ಲಿ ಅರ್ಧಕ್ಕರ್ಧ ಸ್ಟ್ಯಾಂಡು ಖಾಲಿ ಬಿದ್ದಿತ್ತು. ಹಗಲೂ ರಾತ್ರಿ ಲೆಕ್ಕ ಹಾಕಿ ಆ ಡಿಜಿಟಲ್ ದುಡ್ಡು ದುಡಿಯುವ ಯಂತ್ರಗಳನ್ನು ಕೊಡುತ್ತಿದ್ದ ದೊಡ್ಡ ಕಂಪನಿ ಸಣ್ಣಪುಟ್ಟ ಗಿರಾಕಿಗಳಿಗೆ ಸದ್ಯಕ್ಕಿಲ್ಲ ಎಂದು ಕೈ ಎತ್ತಿತ್ತು. ಬೇರೆ ಕಡೆ ಹುಡುಕಿ ಹುಡುಕಿ ಅಕ್ಕನ ಚಪ್ಪಲಿ ಸವೆದಿತ್ತು. ಒಬ್ಬ ಯಾರದೋ ಗೋದಾಮಿನ ಫೋಟೋ ಕಳಿಸಿ ತನ್ನದೇ ಎಂದ. ಇನ್ನೊಬ್ಬ ಸುಟ್ಟ ಸರ್ಕ್ಯೂಟ್ ಬೋರ್ಡು ತೊಳೆದಿಟ್ಟು ಹೊಸದೆಂದು ಆಣೆ ಹಾಕಿದ. ಕಡೆಗೆ ಈ ಯಂತ್ರಗಳ ಫ್ಯಾನು ರಿಪೇರಿ ಮಾಡುವವನು, "ಒಬ್ಬರಿದ್ದಾರೆ, ಮನೇಲೇ ಇಟ್ಕೊಂಡಿದ್ದಾರೆ. ಒಂದು ಫ್ಯಾನು ನಿಂತರೂ ಈಗಲೇ ಬಾ ಅಂತ ಪ್ರಾಣ ತಿಂತಾರೆ. ಕೇಳಿ ನೋಡಿ, ಕೊಟ್ಟರೂ ಕೊಡಬಹುದು" ಎಂದಿದ್ದ.

ಊಟದ ಮೇಜನ್ನು ಗೋಡೆಗೆ ದೂಡಿ ಹಾಲಿನ ತುಂಬ ಯಂತ್ರ ಜೋಡಿಸಲಾಗಿತ್ತು. ಚಪ್ಪಲಿ ಡಬ್ಬಿಯಷ್ಟೇ ಗಾತ್ರ, ಒಂದರ ಮೇಲೂ ಧೂಳಿಲ್ಲ. ತಮ್ಮ ಒಂದೊಂದನ್ನೇ ಲ್ಯಾಪ್‌ಟಾಪಿಗೆ ತಗುಲಿಸಿ ನೋಡಿದ. ಬೋರ್ಡುಗಳೆಲ್ಲ ಸರಿಯಾಗಿದ್ದವು. ಆದರೂ ಅವನ ಹುಬ್ಬು ಗಂಟಿಕ್ಕಿತು. ಅಕ್ಕನ ಕಿವಿಗೆ ಬಾಯಿಟ್ಟು, "ಯಾವುದಕ್ಕೂ ಇಂಟರ್‌ನೆಟ್ಟೇ ಇಲ್ಲ ಕಣೇ. ಬಿಡಿಗಾಸೂ ದುಡೀತಿಲ್ಲ ಇವು. ಬರೀ ಫ್ಯಾನು ತಿರುಗಿಸ್ತಾ ಕೂತಿವೆ" ಎಂದ.

"ಇದನ್ನೆಲ್ಲ ಯಾರು ಕಟ್ಟಿದ್ದು?" ಅಕ್ಕ ಆ ಹೆಂಗಸನ್ನು ಕೂಗಿ ಕೇಳಿದಳು.

"ನಮ್ಮೆಜಮಾನ್ರು. ಅವರು ತೀರಿಕೊಂಡ ಮೇಲೆ ನೆಟ್ಟು ತೆಗೆಸಿಬಿಟ್ಟೆ. ಇವನ್ನ ಮಾತ್ರ ಓಡಿಸ್ತಾ ಬಂದೆ."

"ಯಾಕೆ?"

ಆಕೆ ಕೇಳಿಸದವಳಂತೆ ಸ್ಟ್ಯಾಂಡಿನ ಹತ್ತಿರ ಹೋಗಿ, ತಾನೇ ಒಂದೊಂದಾಗಿ ಸ್ವಿಚ್ಚು ಆರಿಸತೊಡಗಿದಳು. ಸದ್ದು ಇಳಿಯುತ್ತ ಬಂತು. ಬೀದಿಯ ಸೈಕಲ್ ಬೆಲ್ಲು, ಅಡುಗೆಮನೆಯ ನಲ್ಲಿ, ತಮ್ಮನ ಉಸಿರು ಎಲ್ಲ ಒಂದೊಂದೇ ಕೇಳಿಸತೊಡಗಿದವು. ಕೊನೆಯ ಯಂತ್ರದ ಮೇಲೆ ಆಕೆಯ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕಣ್ಣು ಮುಚ್ಚಿ ಅದನ್ನೂ ಆರಿಸಿದಳು.

ಕಿವಿಯೊಳಗೆ ಗುಂಯ್ ಎನ್ನುವಷ್ಟು ನಿಶ್ಶಬ್ದ. ಹೊರಗೆ ನಡುಹಗಲ ಬಿಸಿಲು ಸುರಿಯುತ್ತಿತ್ತು. ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಮಂಚ ಕಿರುಗುಟ್ಟಿತು. ನಿದ್ದೆ ತಿಳಿದೆದ್ದ ಗಂಡಸಿನ ದನಿ, ಬೇಸರವಿಲ್ಲದೆ, ಕೋಪವಿಲ್ಲದೆ, ಕರೆಯಿತು. "ಏನೇ... ಸ್ವಲ್ಪ ನೀರು ಕೊಡ್ತೀಯಾ?"

"ನಿಮ್ಮ ಮಾವನೋರಾ?" ಎಂದಳು ಅಕ್ಕ. ಹಾಗೆ ಕೇಳುವಾಗಲೇ ಆ ಕೋಣೆಯ ಬಾಗಿಲು ಅವಳ ಕಣ್ಣಿಗೆ ಬಿತ್ತು. ಹೊರಗಿಂದ ಚಿಲಕ ಹಾಕಿತ್ತು. ಚಿಲಕಕ್ಕೆ ಬೀಗ, ಬೀಗದಿಂದ ಚೌಕಟ್ಟಿನವರೆಗೆ ಜೇಡರಬಲೆ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ತಮ್ಮ ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲ, ನಮ್ಮೆಜಮಾನ್ರೇ," ಎಂದಳು ಆಕೆ. "ಮಣ್ಣು ಮಾಡಿ ಬಂದ ವಾರದಲ್ಲೇ ಶುರುವಾಯ್ತು. ನನಗೆ ಕೈಕಾಲೇ ಆಡ್ತಿರಲಿಲ್ಲ. ಒಂದಿನ ಇವುಗಳ ಸ್ವಿಚ್ಚು ಹಾಕಿದೆ, ದನಿ ಮುಚ್ಚಿಹೋಯ್ತು. ಆಮೇಲೆ ಆರಿಸೋ ಧೈರ್ಯಾನೇ ಬರಲಿಲ್ಲ."

ಅಕ್ಕ ಬೀಗದಿಂದ ಕಣ್ಣು ಕೀಳದೆ ಕೇಳಿದಳು. "ಮತ್ತೆ ಈಗ ಯಾಕೆ ಮಾರ್ತಿದ್ದೀರಿ? ಮನೆ ಬಿಡ್ತಿದ್ದೀರಾ?"

"ಬಿಟ್ಟು ಎಲ್ಲಿಗೆ ಹೋಗ್ಲಿ? ಈ ಸದ್ದಿಗೆ ಹೆದರಿ ನಮ್ಮನೆ ಕಡೆ ಯಾರೂ ತಲೆ ಹಾಕಲ್ಲ. ಬಂದ್ರೂ ಮಾತು ಕೇಳಿಸಲ್ಲ. ಎಷ್ಟು ದಿನ ಅಂತ ಫ್ಯಾನುಗಳ ಜೊತೆ ಸಂಸಾರ ಮಾಡ್ಲಿ?" ಆಕೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಹೆದರಿ ಹೆದರಿ ಸಾಕಾಯ್ತು ಕಣಮ್ಮ. ಈಗ ಯಾರಾದ್ರೂ ಕರೆದ್ರೆ ಸಾಕು ಅನ್ನಿಸ್ತಿದೆ."

ಹೊರಟುಬಿಡೋಣ ಎಂದು ತಮ್ಮನ ಕಣ್ಣು ಬೇಡಿತು. ಅಕ್ಕನ ಕಾಲೂ ಬಾಗಿಲ ಕಡೆಗೇ ಎಳೆಯುತ್ತಿತ್ತು. ಆದರೆ ಖಾಲಿ ಶೆಡ್ಡು ನೆನಪಾಗಿ ಅವಳು ಹಲ್ಲು ಕಚ್ಚಿ ಮೊದಲ ಯಂತ್ರ ಎತ್ತಿಕೊಂಡಳು. ತಮ್ಮನೋ ವ್ಯಾನಿನ ಬಳಿಯೇ ನಿಂತು ಅವಳು ತಂದದ್ದನ್ನು ಒಳಗೆ ಜೋಡಿಸಿದ. ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಕ ಒಬ್ಬಳೇ ಒಳಗೆ ಹೋದಳು, ಬಂದಳು, ಹೋದಳು. ಪ್ರತಿ ಸಲವೂ ಆ ದನಿ ನೀರು ಕೇಳುತ್ತಲೇ ಇತ್ತು.

ಕೊನೆಯದನ್ನು ಎತ್ತುವಾಗ ಅವಳಿಗೆ ತಡೆಯಲಾಗಲಿಲ್ಲ. "ಇವತ್ತೊಂದು ದಿನ ನಮ್ಮ ಜೊತೆ ಬನ್ನಿ ಅಮ್ಮ. ನಾಳೆ ಏನಾದ್ರೂ ಯೋಚನೆ ಮಾಡೋಣ."

ಆಕೆ ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ತುಂಬಿಸಿದಳು. ಕಪಾಟಿನ ಕನ್ನಡಿಯಲ್ಲಿ ಮುಖ ನೋಡಿ ಕೂದಲು ಸರಿಮಾಡಿಕೊಂಡಳು. ಬೀಗದ ಕೈ ಹಿಡಿದು ಕೋಣೆಯ ಮುಂದೆ ನಿಂತು, ಬಾಗಿಲ ಹತ್ತಿರ ಬಾಯಿಟ್ಟು, ಮೆಲ್ಲಗೆ ಗದರಿದಳು:

"ಇರಿ, ಬಂದೆ. ಮನೇಲಿ ಜನ ಇದ್ದಾರೆ."